ಆಂಥಿಯಾಸ್, ಅತ್ತೆ ಮತ್ತು ಆರು ಡಬ್ಬಿಗಳು

ಗಂಗಾ ಸ್ನಾನ, ತುಂಗಾ ಪಾನ ಅಂತಾರೆ. ಅಂಥ ತುಂಗೆಯ ನೀರಿಗೆ ಹದಿನಾಲ್ಕು ಕೇಜಿ ಉಪ್ಪು ಸುರಿಯೋಕೆ ಹೊರಟವಳು ನಾನು. ಶಿವಮೊಗ್ಗದ ವಿನೋಬನಗರದಲ್ಲಿ ನಮ್ಮ ಮನೆ. ನಡುಮನೆಯಲ್ಲಿ ಟಿವಿ ಇದ್ದ ಜಾಗಕ್ಕೆ ನಾಲ್ಕಡಿ ಉದ್ದದ ಗಾಜಿನ ತೊಟ್ಟಿ ಬಂದು ಕೂತ ದಿನ ನಮ್ಮತ್ತೆ ಉಪ್ಪಿನ ಚೀಲ ನೋಡಿ ಕೇಳಿದ್ದು ಒಂದೇ ಮಾತು: "ಇಷ್ಟು ನೀರಿಗೆ ಇಷ್ಟು ಉಪ್ಪು ಹಾಕಿ ಎಂತ ಮಾಡ್ತಿ ಮಾರಾಯ್ತಿ, ಅಪ್ಪೆಮಿಡಿ ಹಾಕ್ಲಿಕ್ಕಾ?"

ಅತ್ತೆ ತೀರ್ಥಹಳ್ಳಿ ಕಡೆಯವರು. ಉಪ್ಪುನೀರು ಅಂದ್ರೆ ಅವರಿಗೆ ಮಿಡಿ ಉಪ್ಪಿನಕಾಯಿಯ ಭರಣಿಯೇ ನೆನಪಾಗಬೇಕು. ನಮ್ಮದು ಮೀನು ತಿನ್ನದ ಮನೆ ಬೇರೆ. ಸಾಕೋದಕ್ಕೆ ಅಡ್ಡಿ ಇರಲಿಲ್ಲ. ಹತ್ತು ವರ್ಷ ಗೋಲ್ಡ್‌ಫಿಶ್, ಗಪ್ಪಿ ಸಾಕಿದ್ದೆ, ಅವರೂ ಅವಕ್ಕೆ ಅನ್ನದ ಅಗುಳು ಹಾಕಿ ನನ್ನ ಹತ್ತಿರ ಬೈಸಿಕೊಂಡಿದ್ದರು. ಆದರೆ ಈ ಸಲ ಬರಲಿದ್ದ ಸಮುದ್ರದ ಮೀನು, ಆಂಥಿಯಾಸ್, ಅನ್ನ ತಿನ್ನುವಂಥದ್ದಲ್ಲ.

ಆಂಥಿಯಾಸನ್ನು ನಾನು ಮೊದಲು ನೋಡಿದ್ದು ಬೆಂಗಳೂರಿನ ಒಂದು ಅಂಗಡಿಯಲ್ಲಿ. ನಾನು ಡಯಾಗ್ನೋಸ್ಟಿಕ್ ಲ್ಯಾಬ್ ಒಂದರಲ್ಲಿ ಟೆಕ್ನಿಷಿಯನ್. ಹೊಸ ಮಿಷನ್ನಿನ ಟ್ರೈನಿಂಗಿಗೆ ಅಂತ ಬೆಂಗಳೂರಿಗೆ ಹೋಗಿದ್ದೆ, ಸಂಜೆ ಸುಮ್ನೆ ಅಂಗಡಿಗೆ ನುಗ್ಗಿದ್ದೆ. ದೊಡ್ಡ ತೊಟ್ಟಿಯಲ್ಲಿ ಹತ್ತು ಹನ್ನೆರಡು ಕಿತ್ತಳೆ ಬಣ್ಣದ ಮೀನು. ಪಂಪಿನಿಂದ ಬರುತ್ತಿದ್ದ ನೀರಿನ ಸೆಳೆತಕ್ಕೆ ಎದುರಾಗಿ, ಅಲ್ಲಲ್ಲೇ ನಿಂತು ರೆಕ್ಕೆ ಬಡಿಯುತ್ತಿದ್ದವು. ಮಳೆ ಬಿಟ್ಟ ಮೇಲೆ ಗದ್ದೆ ಮೇಲೆ ಏರೋಪ್ಲೇನ್ ಚಿಟ್ಟೆಗಳು ನಿಲ್ಲುತ್ತವಲ್ಲ, ಹಾಗೆ. ನಡುವೆ ಒಂದು ಮಾತ್ರ ನೇರಳೆ. ಬೆನ್ನಿನ ಮೇಲೆ ಬಾವುಟದ ಕೋಲಿನ ಹಾಗೆ ಉದ್ದಕ್ಕೆ ಎದ್ದ ಒಂದು ಮುಳ್ಳು. ಅದು ಗಂಡು, ಉಳಿದವೆಲ್ಲ ಹೆಣ್ಣು ಅಂದರು ಅಂಗಡಿಯವರು. ಹೆಸರು ಲೈರ್‌ಟೇಲ್ ಆಂಥಿಯಾಸ್. ಕೆಂಪು ಸಮುದ್ರ, ಆಫ್ರಿಕಾದ ಪೂರ್ವ ಕರಾವಳಿ, ಮಾಲ್ಡೀವ್ಸ್, ಅಲ್ಲಿಂದ ಪೆಸಿಫಿಕ್‌ವರೆಗೂ ಹವಳದ ದಿಬ್ಬಗಳ ಮೇಲೆ ಸಾವಿರಗಟ್ಟಲೆ ಇರುತ್ತವಂತೆ. ಕನ್ನಡದಲ್ಲಿ ಅದಕ್ಕೆ ಹೆಸರಿದ್ದರೂ ನಾನು ಕೇಳಿಲ್ಲ. ಅತ್ತೆ ಈಗ "ಕನಕಾಂಬರ" ಅಂತ ಕರೀತಾರೆ. ಬಣ್ಣ ನೋಡಿದರೆ ಅದೇ ಸರಿ ಅನ್ನಿಸುತ್ತದೆ.

ತೊಟ್ಟಿಯ ಲೆಕ್ಕ ಮೊದಲು ಹೇಳಿಬಿಡುತ್ತೇನೆ. ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ಅಂಚಿನವರೆಗೆ ತುಂಬಿದರೆ ಸುಮಾರು 450 ಲೀಟರ್. ಕಲ್ಲು ಮರಳು ಕೂತ ಮೇಲೆ 400. ಲೀಟರಿಗೆ 35 ಗ್ರಾಂ ಉಪ್ಪು, ಅಲ್ಲಿಗೆ ಹದಿನಾಲ್ಕು ಕೇಜಿ. ಅಡುಗೆ ಉಪ್ಪಲ್ಲ, ಕ್ಯಾಲ್ಸಿಯಂ ಮೆಗ್ನೀಸಿಯಂ ಎಲ್ಲ ಸೇರಿದ ಅಕ್ವೇರಿಯಂ ಉಪ್ಪು. ನಲ್ಲಿ ನೀರಲ್ಲಿ ಕ್ಲೋರಿನ್ ಅಷ್ಟೇ ಅಲ್ಲ, ನೈಟ್ರೇಟ್, ಫಾಸ್ಫೇಟ್, ಲೋಹದ ಅಂಶ ಎಲ್ಲ ಇರಬಹುದು, ಅದಕ್ಕೆ ಆರ್‌ಒ ಮಾಡಿದ ನೀರೇ ಬೇಕು. ಒಂದು ಬಕೆಟ್ ಒಳ್ಳೆ ನೀರಿಗೆ ಎರಡು ಮೂರು ಬಕೆಟ್ ಪೈಪಿನಲ್ಲಿ ಹೊರಗೆ ಹೋಗುತ್ತದೆ. ಅದು ಅತ್ತೆಯ ದಾಸವಾಳಕ್ಕೆ. ತೊಟ್ಟಿಯ ಕೆಳಗೆ ಇನ್ನೊಂದು ಚಿಕ್ಕ ತೊಟ್ಟಿ ಇದೆ, ಫಿಲ್ಟರ್, ಹೀಟರ್ ಎಲ್ಲ ಅದರೊಳಗೆ. ಅದಕ್ಕೂ ಸಂಪ್ ಅಂತಲೇ ಹೆಸರು. "ಸಂಪ್ ಕ್ಲೀನ್ ಮಾಡಬೇಕು" ಅಂತ ನಾನಂದರೆ ನಮ್ಮನೆಯವರು ಅಂಗಳಕ್ಕೆ ಹೋಗಿ ನೆಲದ ಮುಚ್ಚಳ ತೆಗೆದದ್ದೂ ಉಂಟು.

ಉಪ್ಪಿನ ಪ್ರಮಾಣ ನೋಡೋಕೆ ರಿಫ್ರಾಕ್ಟೋಮೀಟರ್ ಬೇಕು. ಅದನ್ನು ಕೈಗೆ ತಗೊಂಡಾಗ ನಗು ಬಂತು. ಲ್ಯಾಬಿನಲ್ಲಿ ಮೂತ್ರದ ಸಾಂದ್ರತೆ ನೋಡೋದೂ ಇಂಥದ್ದರಲ್ಲೇ. ಅಲ್ಲಿ 1.025 ಬಂದರೆ ಪೇಷೆಂಟ್ ನೀರು ಸ್ವಲ್ಪ ಕಡಿಮೆ ಕುಡಿದಿದ್ದಾರೆ ಅಂತ ಲೆಕ್ಕ. ಇಲ್ಲಿ 1.025 ಬಂದರೆ ಸಮುದ್ರ ತಯಾರಾಯಿತು ಅಂತ. ಲ್ಯಾಬಿನದ್ದನ್ನೇ ತಂದು ನೋಡಬಹುದಲ್ಲ ಅಂತ ನಮ್ಮನೆಯವರು ಕೇಳಿದರು. ಎರಡರ ಅಳತೆಪಟ್ಟಿ ಬೇರೆ, ತರೋ ಹಾಗಿಲ್ಲ ಅಂದೆ. ಅತ್ತೆಗೆ ಮಾತ್ರ ಈ ವಿಷಯ ಇವತ್ತಿಗೂ ಗೊತ್ತಿಲ್ಲ.

ಮಲ್ಪೆಯಲ್ಲಿರುವ ಚಿಕ್ಕಪ್ಪ, "ಘಾಟಿ ಇಳಿದರೆ ಸಮುದ್ರ ಉಂಟಲ್ಲ, ದುಡ್ಡು ಕೊಟ್ಟು ಯಾಕೆ ತಗೊಳ್ತಿ?" ಅಂತ ಜೂನ್ ಕೊನೆಗೆ ಆಗುಂಬೆ ಘಾಟಿ ಹತ್ತಿಸಿಕೊಂಡು ನಾಲ್ಕು ಕ್ಯಾನ್ ನೀರು ತಂದರು. ನೋಡಿದರೆ 1.018. ಮಳೆ ಹಿಡಿದ ಮೇಲೆ ಘಟ್ಟದ ಪಡುವಣ ಇಳಿಜಾರಿನ ನೀರೆಲ್ಲ ನದಿ ತುಂಬಿ ಅಲ್ಲಿಗೇ ಹೋಗಿ ಸೇರುತ್ತದೆ, ದಡದ ಹತ್ತಿರ ಸಮುದ್ರವೇ ಸಪ್ಪೆಯಾಗಿರುತ್ತದೆ. ಮೇಲೆ ಬಂದರಿನ ಡೀಸೆಲ್ ವಾಸನೆ ಬೇರೆ. ಚಿಕ್ಕಪ್ಪನಿಗೆ ಬೇಜಾರಾಗಬಾರದು ಅಂತ ಅವರು ಹೋಗುವವರೆಗೆ ಕ್ಯಾನ್ ಹಾಗೇ ಇಟ್ಟಿದ್ದೆ.

ಹವಳ ಹಾಕಿಲ್ವಾ ಅಂತ ನೋಡಿದವರೆಲ್ಲ ಕೇಳುತ್ತಾರೆ. ಹಾಕಿಲ್ಲ. ದಿಬ್ಬ ಕಟ್ಟುವ ಹವಳಗಳು 2001ರಿಂದ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಹುಲಿಯ ಜೊತೆಗೆ. ಸಮುದ್ರದಿಂದ ಕಿತ್ತು ತಂದು ಮಾರೋದೇ ಅಪರಾಧ. "ಒಂದು ತುಂಡು ಕೊಡ್ತೀನಿ ಮೇಡಂ, ಯಾರಿಗೂ ಹೇಳಬೇಡಿ" ಅಂತ ಒಂದು ಅಂಗಡಿಯಲ್ಲಿ ಪಿಸುಗುಟ್ಟಿದರು. ನಾನು ಸೆರಾಮಿಕ್ ಕಲ್ಲು ತಂದು ಗುಹೆ, ಸಂದಿ ಬರುವ ಹಾಗೆ ಜೋಡಿಸಿದೆ. ಆಂಥಿಯಾಸಿಗೆ ಬೇಕಾಗಿರೋದು ಹೆದರಿದಾಗ ನುಗ್ಗೋಕೆ ಸಂದಿ, ಎದುರು ಈಜೋಕೆ ನೀರಿನ ಸೆಳೆತ. ಅಷ್ಟೇ.

ನೀರು ಪಕ್ವ ಆಗೋಕೆ, ಅಂದರೆ ಕೊಳೆಯ ವಿಷ ಕಳೆಯುವ ಬ್ಯಾಕ್ಟೀರಿಯಾ ಬೆಳೆಯೋಕೆ, ಆರು ವಾರ ಹಿಡಿಯಿತು. ಅಮೋನಿಯಾ ಏರಿ, ಅದು ನೈಟ್ರೈಟ್ ಆಗಿ, ಅದು ನೈಟ್ರೇಟ್ ಆಗುವವರೆಗೆ ದಿನಾ ಟ್ಯೂಬಿನಲ್ಲಿ ಬಣ್ಣ ನೋಡೋದು. ಇದು ನನ್ನ ಹೊಟ್ಟೆಪಾಡಿನ ಕೆಲಸವೇ ಆದ್ದರಿಂದ ಕಷ್ಟ ಅನ್ನಿಸಲಿಲ್ಲ. ಆಮೇಲೆ ಎರಡು ಕ್ಲೌನ್ ಮೀನು ಬಿಟ್ಟೆ. ಅವು ಹ್ಯಾಚರಿಯಲ್ಲಿ ಹುಟ್ಟಿದವು. ಅವುಗಳ ಮರಿ ಮಾಡುವ ವಿಧಾನವನ್ನು ನಮ್ಮದೇ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿದೆ. ಹಾಕಿದ್ದು ತಿಂದು ಹಾಯಾಗಿದ್ದವು. ಇಷ್ಟೇನಾ ಸಮುದ್ರದ ಮೀನು ಸಾಕೋದು ಅನ್ನಿಸಿತು. ಆ ಸೊಕ್ಕಿನಲ್ಲೇ ಮೊದಲ ತಪ್ಪು ಮಾಡಿದೆ.

ಮೂರು ಹೆಣ್ಣು ಆಂಥಿಯಾಸ್ ಬೇಕು ಅಂತ ಫೋನಿನಲ್ಲಿ ಹೇಳಿದೆ. ರಾತ್ರಿ ಬಸ್ಸಿಗೆ ಹಾಕಿ ಕಳಿಸಿದರು. ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಥರ್ಮಾಕೋಲ್ ಪೆಟ್ಟಿಗೆ ಇಳಿಸಿಕೊಂಡೆ. ಚೀಲದಲ್ಲಿ ಮೂರೂ ಬದುಕಿದ್ದವು. ನಿಧಾನವಾಗಿ ಹೊಂದಿಸಬೇಕು ಅಂತ ಓದಿದ್ದೆನಲ್ಲ, ಚೀಲ ಬಿಚ್ಚಿ ಬಕೆಟ್ಟಿಗೆ ಸುರಿದು, ಸಣ್ಣ ಪೈಪಿನಲ್ಲಿ ತೊಟ್ಟಿಯ ನೀರನ್ನು ಹನಿ ಹನಿಯಾಗಿ ಎರಡು ಗಂಟೆ ಬಿಟ್ಟೆ. ಸಂಜೆಯೊಳಗೆ ಎರಡು ಹೋದವು.

ಯಾಕೆ ಅಂತ ಆಮೇಲೆ ತಿಳಿದಾಗ ನನ್ನ ಮೇಲೇ ಸಿಟ್ಟು ಬಂತು. ಲ್ಯಾಬಿನಲ್ಲಿ ಇದೇ ಕೆಲಸ ಮಾಡುವವಳು ನಾನು. ಕಟ್ಟಿದ ಚೀಲದಲ್ಲಿ ಮೀನು ಏಳೆಂಟು ಗಂಟೆ ಉಸಿರಾಡಿದರೆ ಕಾರ್ಬನ್ ಡೈಆಕ್ಸೈಡ್ ಸೇರಿ ನೀರಿನ ಪಿಎಚ್ ಇಳಿಯುತ್ತದೆ. ಮೀನಿನದೇ ಅಮೋನಿಯಾ ಕೂಡ ಅಲ್ಲೇ ಸೇರಿರುತ್ತದೆ, ಆದರೆ ಪಿಎಚ್ ಕಡಿಮೆ ಇರುವವರೆಗೆ ಅದರ ವಿಷ ಏರುವುದಿಲ್ಲ. ಚೀಲ ಬಿಚ್ಚಿ ಗಾಳಿ ಆಡಿತೋ, ಪಿಎಚ್ ಏರುತ್ತದೆ, ಅದೇ ಅಮೋನಿಯಾ ವಿಷವಾಗುತ್ತದೆ. ನಾನು ಪ್ರೀತಿಯಿಂದ ಎರಡು ಗಂಟೆ ಆ ವಿಷದಲ್ಲೇ ಅವನ್ನು ಕೂರಿಸಿದ್ದೆ. ದೂರದಿಂದ ಬಂದ ಮೀನಿಗೆ ಮಾಡಬೇಕಾದದ್ದು ಬೇರೆ. ಚೀಲದ ನೀರಿನ ಉಪ್ಪು ಎಷ್ಟಿದೆ ಅಂತ ಅಂಗಡಿಯವರನ್ನು ಮೊದಲೇ ಕೇಳಬೇಕು. ಅಷ್ಟೇ ಉಪ್ಪಿನ ನೀರನ್ನು ಬೇರೆ ತೊಟ್ಟಿಯಲ್ಲಿ ತಯಾರಿಟ್ಟು, ಚೀಲವನ್ನು ಬಿಚ್ಚದೆ ಹದಿನೈದು ಇಪ್ಪತ್ತು ನಿಮಿಷ ಅದರಲ್ಲಿ ತೇಲಿಸಿ ಬಿಸಿ ಸಮ ಮಾಡಬೇಕು. ಆಮೇಲೆ ಬಿಚ್ಚಿದ ತಕ್ಷಣ ಮೀನನ್ನು ಎತ್ತಿ ಬಿಡಬೇಕು. ಚೀಲದ ನೀರು ಮೋರಿಗೆ.

ಉಳಿದ ಮೂರನೆಯದು ಒಂಬತ್ತು ದಿನ ಬದುಕಿತು. ಹತ್ತನೇ ದಿನ ಬೆಳಿಗ್ಗೆ ಅತ್ತೆ ರಂಗೋಲಿ ಹಾಕಿ ಒಳಗೆ ಬಂದವರು, "ಇಲ್ಲಿ ಇರುವೆ ಸಾಲು ಹಿಡಿದಿದೆ ನೋಡು" ಅಂದರು. ಸಾಲು ತೊಟ್ಟಿಯ ಹಿಂದೆ ಹೋಗಿತ್ತು. ಪೈಪ್ ಒಳಗೆ ಇಳಿಯುವ ಮೂಲೆಯಲ್ಲಿ ಮುಚ್ಚಳಕ್ಕೂ ಗಾಜಿಗೂ ನಡುವೆ ಎರಡು ಬೆರಳಿನಷ್ಟು ಸಂದಿ. ಅಷ್ಟರಲ್ಲೇ ಹಾರಿದೆ. ಹೆದರಿದರೆ ಒಮ್ಮೊಮ್ಮೆ ಮೇಲಕ್ಕೂ ಚಿಮ್ಮುತ್ತವೆ ಇವು. ಕಿಟಕಿಗೆ ಸೊಳ್ಳೆ ಜಾಲರಿ ಹಾಕುವವರನ್ನು ಕರೆಸಿ ಚೌಕಟ್ಟು ಮಾಡಿಸಿದೆ. ಮೊದಲು ಹಾಕಿದ ಕಬ್ಬಿಣದ ಜಾಲರಿ ತಿಂಗಳಲ್ಲಿ ತುಕ್ಕು ಹಿಡಿಯಿತು, ಆಮೇಲೆ ನೈಲಾನ್ ಹಾಕಿಸಿದೆ. ಸಮುದ್ರ ನಡುಮನೆಗೆ ಬಂದರೆ ಮೊಳೆ, ಸ್ಕ್ರೂ ಎಲ್ಲಕ್ಕೂ ಕರಾವಳಿಯ ಗತಿಯೇ.

ಆರು ತಿಂಗಳು ಮತ್ತೆ ಆ ತಂಟೆಗೆ ಹೋಗಲಿಲ್ಲ.

ಎರಡನೇ ಸಲ ಫೋನ್ ಬಿಟ್ಟು ನಾನೇ ಹೋದೆ. ಅಂಗಡಿಯವರು ಮೊದಲು ತೋರಿಸಿದ್ದು ಪರ್ಪಲ್ ಕ್ವೀನ್ ಅನ್ನೋ ಜಾತಿ. ಜೀವಮಾನದಲ್ಲಿ ಅಂಥ ನೇರಳೆ ನಾನು ನೋಡಿರಲಿಲ್ಲ. ಒಪ್ಪಿಬಿಡುತ್ತಿದ್ದೆ. ಆದರೆ ಆ ಆರು ತಿಂಗಳು ಓದಿದ್ದೆನಲ್ಲ. ಆ ಜಾತಿ ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು ಬಿಟ್ಟು ಬೇರೆ ಊಟ ಮುಟ್ಟೋದೇ ಅಪರೂಪ. ಹೆಚ್ಚಿನವು ಮನೆಯ ತೊಟ್ಟಿಯಲ್ಲಿ ಹಸಿದೇ ಸಾಯುತ್ತವೆ. ಲೈರ್‌ಟೇಲ್, ಬಾರ್ಟ್‌ಲೆಟ್ ಅನ್ನುವ ಜಾತಿಗಳು ಗಟ್ಟಿ. ಬಾರ್ಟ್‌ಲೆಟ್ ಇನ್ನೂ ಸಾಧು ಅಂತಾರೆ, ಅವತ್ತು ಇರಲಿಲ್ಲ. ಲೈರ್‌ಟೇಲ್ ಸ್ವಲ್ಪ ಜಗಳಗಂಟ, ಆದರೆ ತಿನ್ನುತ್ತದೆ. ತಿನ್ನುವ ಜಗಳಗಂಟನೇ ಮೇಲು ಅಲ್ವಾ.

"ಯಾವಾಗ ಬಂದವು?" ಅಂತ ಕೇಳಿದೆ. ನಿನ್ನೆ ಅಂದರು. ಹಾಗಾದರೆ ಹತ್ತು ದಿನ ಬಿಟ್ಟು ಬರ್ತೀನಿ, ಬೇಕಾದರೆ ಅಡ್ವಾನ್ಸ್ ತಗೊಳ್ಳಿ ಅಂದೆ. ಅವರ ಮುಖ ಸಪ್ಪಗಾಯಿತು. ಆಂಥಿಯಾಸ್ ಹೆಚ್ಚುಕಡಿಮೆ ಎಲ್ಲವೂ ಸಮುದ್ರದಿಂದ ಹಿಡಿದು ತಂದವು. ಹಿಡಿದವನ ಕೈಯಿಂದ ನಮ್ಮ ಕೈಗೆ ಬರುವಷ್ಟರಲ್ಲಿ ಎಷ್ಟೋ ದಿನ ಉಪವಾಸ ಬಿದ್ದಿರುತ್ತವೆ. ಸಾಯುವವು ಹೆಚ್ಚಾಗಿ ಆ ಹತ್ತು ದಿನದಲ್ಲೇ ಸಾಯುತ್ತವೆ. ನನ್ನ ಮನೆಯಲ್ಲಿ ಸಾಯೋದಕ್ಕಿಂತ ಅಂಗಡಿಯಲ್ಲಿ ಸಾಯಲಿ ಅನ್ನೋದು ಕಟುಕ ಮಾತು, ಗೊತ್ತು.

ಹತ್ತು ದಿನದ ಮೇಲೆ ಹೋಗಿ ಗಾಜಿನ ಮುಂದೆ ಮುಕ್ಕಾಲು ಗಂಟೆ ಕುಕ್ಕರಗಾಲಲ್ಲಿ ಕೂತೆ. ಹೊಟ್ಟೆ ಒಳಗೆ ಹೋಗಿದೆಯಾ, ತಲೆಯ ಹಿಂದಿನ ಬೆನ್ನು ಕೊರೆದ ಹಾಗೆ ಬತ್ತಿದೆಯಾ ನೋಡಿದೆ. ಬಾಲ ಮೇಲೆ ಮಾಡಿ ಕಷ್ಟಪಟ್ಟು ಈಜುವ ಒಂದನ್ನು ಬಿಟ್ಟೆ. ಆಳದಿಂದ ಬೇಗ ಬೇಗ ಮೇಲೆ ಎಳೆದ ಮೀನಿಗೆ ಒಳಗಿನ ಗಾಳಿಚೀಲ ಉಬ್ಬಿ ಹಾಗಾಗುತ್ತದೆ. ಇನ್ನೊಂದರ ಪಕ್ಕೆಯಲ್ಲಿ ಹುರುಪೆಯ ಕೆಳಗೆ ಕೆಂಪು ಗಾಯ. ಯುರೋನಿಮಾ ಅನ್ನೋ ಪರೋಪಜೀವಿ ಆಂಥಿಯಾಸನ್ನು ಹುಡುಕಿಕೊಂಡು ಬರುತ್ತದೆ, ಹೆಚ್ಚಾಗಿ ಹೀಗೇ ಕಾಣುತ್ತದೆ. ಆಮೇಲೆ "ಸ್ವಲ್ಪ ಊಟ ಹಾಕಿ" ಅಂದೆ. ಅಂಗಡಿ ಹುಡುಗ ಫ್ರೋಜನ್ ಮೈಸಿಸ್, ಅಂದರೆ ಸೀಗಡಿಯ ಹಾಗಿರುವ ಸಣ್ಣ ಜೀವಿ, ಕರಗಿಸಿ ಹಾಕಿದ. ಆರು ಮೀನು ನುಗ್ಗಿ ತಿಂದವು. ಎರಡು ಬಾಯಿಗೆ ತಗೊಂಡು ಉಗಿದವು. ನುಗ್ಗಿದ ಆರನ್ನೇ ಕಟ್ಟಿಸಿದೆ, ಒಂದು ಗಂಡು, ಐದು ಹೆಣ್ಣು. ಬಾಯಿಗೆ ಹಾಕಿಕೊಂಡದ್ದನ್ನು ನುಂಗುತ್ತದಾ ಅಂತ ನೋಡಬೇಕು. ಬಾಯಿ ಹಾಕಿದ್ದು ನೋಡಿ ಸಮಾಧಾನ ಪಡಬಾರದು.

ಮನೆಗೆ ತಂದ ಮೇಲೆ ನೇರ ದೊಡ್ಡ ತೊಟ್ಟಿಗೆ ಬಿಡಲಿಲ್ಲ. ಹಿತ್ತಿಲ ಕೋಣೆಯಲ್ಲಿ ಎರಡು ದೊಡ್ಡ ಪ್ಲಾಸ್ಟಿಕ್ ಡ್ರಮ್ ಇಟ್ಟು, ಒಳಗೆ ಪಿವಿಸಿ ಪೈಪಿನ ತುಂಡು ಹಾಕಿ, ಮೂರು ದಿನಕ್ಕೊಮ್ಮೆ ಮೀನುಗಳನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸಿದೆ. ಖಾಲಿಯಾದದ್ದನ್ನು ತೊಳೆದು ಬಿಸಿಲಲ್ಲಿ ಒಣಗಿಸೋದು. ಸಮುದ್ರ ಮೀನಿಗೆ ಬರುವ ಬಿಳಿ ಚುಕ್ಕೆ ರೋಗದ ಪರೋಪಜೀವಿ ಮೀನಿನ ಮೈಯಿಂದ ಕಳಚಿ ತಳದಲ್ಲಿ ಗೂಡು ಕಟ್ಟಿ ಮರಿ ಮಾಡುತ್ತದೆ. ಮರಿ ಹೊರಬರುವ ಮೊದಲೇ ಮೀನು ಬೇರೆ ಕಡೆ ಹೋಗಿಬಿಟ್ಟರೆ ಅದರ ವಂಶ ಅಲ್ಲಿಗೆ ಮುಗಿಯಿತು. ನಾಲ್ಕು ಸಲ ದಾಟಿಸಿದರೆ ಹನ್ನೆರಡು ದಿನ. ತಾಮ್ರದ ಔಷಧಿಯೂ ಇದೆ, ಆದರೆ ಅದು ಬಿದ್ದರೆ ಎಷ್ಟೋ ಮೀನು ಊಟ ಬಿಡುತ್ತವೆ. ಊಟ ಬಿಟ್ಟ ಆಂಥಿಯಾಸನ್ನು ಮತ್ತೆ ಊಟಕ್ಕೆ ಕೂರಿಸೋದು ಮುನಿಸಿಕೊಂಡ ಅಳಿಯನನ್ನು ಕೂರಿಸಿದ ಹಾಗೆ. ಇನ್ನೊಂದು ಹದಿನೈದು ದಿನ ಗಾಯ ಏನಾದರೂ ಏಳುತ್ತದಾ ಅಂತ ಅಲ್ಲೇ ಇಟ್ಟು ನೋಡಿ, ದೊಡ್ಡ ತೊಟ್ಟಿಯ ಲೈಟ್ ಆರಿಸಿ ರಾತ್ರಿ ಬಿಟ್ಟೆ.

ಇಲ್ಲಿವರೆಗಿನದ್ದು ಸುಲಭ. ದುಡ್ಡು, ತಾಳ್ಮೆ, ಟ್ಯೂಬಿನ ಬಣ್ಣ. ಆಂಥಿಯಾಸಿನ ನಿಜವಾದ ಪಾಡು ಅದರ ಊಟದ್ದು.

ಸಮುದ್ರದಲ್ಲಿ ಇವು ಬೆಳಗಿನಿಂದ ಕತ್ತಲಾಗುವವರೆಗೆ ಸೆಳೆತದಲ್ಲಿ ತೇಲಿ ಬರುವ ಸಣ್ಣ ಸಣ್ಣ ಜೀವಿಗಳನ್ನು ಹೆಕ್ಕುತ್ತಲೇ ಇರುತ್ತವೆ. ಒಮ್ಮೆಗೆ ಹೊಟ್ಟೆ ತುಂಬ ತಿಂದು ಸುಮ್ಮನಿರುವ ಜಾತಿಯಲ್ಲ. ದಿನಕ್ಕೊಮ್ಮೆ ಹಾಕಿದರೆ ಕೆಲವೇ ವಾರದಲ್ಲಿ ಬೆನ್ನು ಬತ್ತುತ್ತದೆ. ನಾಲ್ಕು ಸಲವಾದರೂ ಬೇಕು, ಆರಾದರೆ ಒಳ್ಳೇದು. ನಾನು ಬೆಳಿಗ್ಗೆ ಎಂಟಕ್ಕೆ ಲ್ಯಾಬಿಗೆ ಹೋದರೆ ಬರೋದು ಐದಕ್ಕೆ. ಅದಕ್ಕೇ ಆಟೋಮ್ಯಾಟಿಕ್ ಫೀಡರ್ ತಂದೆ. ಟೈಮಿಗೆ ಸರಿಯಾಗಿ ಡಬ್ಬಿ ತಿರುಗಿ ಕಾಳು ಉದುರಿಸುವ ಪುಟ್ಟ ಮಿಷನ್. ಮೇ ತಿಂಗಳಲ್ಲಿ ಬಹಳ ಚೆನ್ನಾಗಿತ್ತು.

ಜೂನ್ ಬಂತು. ಮಲೆನಾಡಿನ ಆಷಾಢ ಗೊತ್ತಲ್ಲ, ಹಪ್ಪಳದ ಡಬ್ಬಿ ತೆಗೆದು ಮುಚ್ಚುವುದರೊಳಗೆ ಹಪ್ಪಳ ಮೆತ್ತಗಾಗುತ್ತದೆ. ತೊಟ್ಟಿಯ ಬಾಯಿಯ ಮೇಲೆ ಕೂತ ಫೀಡರಿನ ಒಳಗೆ ಕಾಳೆಲ್ಲ ನೀರುಂಡು ಅಂಟುಂಡೆಯ ಹಾಗೆ ಒಂದಾಗಿತ್ತು. ಮಿಷನ್ ಸದ್ದು ಮಾಡುತ್ತಿತ್ತು, ತಿರುಗುತ್ತಿತ್ತು. ಏನೂ ಬೀಳುತ್ತಿರಲಿಲ್ಲ. ನಾನು ಸದ್ದು ಕೇಳಿ ನೆಮ್ಮದಿಯಾಗಿದ್ದೆ. ಎಂಟು ದಿನ. ಅಷ್ಟರಲ್ಲಿ ಐದು ಹೆಣ್ಣುಗಳಲ್ಲಿ ಸಣ್ಣದು ಕಲ್ಲಿನ ಸಂದಿ ಸೇರಿತ್ತು. ಉಳಿದವು ಹಸಿವಿಗೆ ಅದನ್ನು ಬೆನ್ನಟ್ಟಿ ಬಾಲ ಹರಿದಿದ್ದವು. ಎಷ್ಟು ಉಪಚಾರ ಮಾಡಿದರೂ ಉಳಿಯಲಿಲ್ಲ. ಮೇಲಿನ ಸ್ಥಾನದವು ಕೆಳಗಿನವನ್ನು ಒತ್ತುವುದು ಇವುಗಳಲ್ಲಿ ಇದ್ದದ್ದೇ. ಹೊಟ್ಟೆ ತುಂಬಿದ್ದರೆ ಆ ಒತ್ತು ಕಡಿಮೆ, ಖಾಲಿ ಇದ್ದರೆ ಸಾವು.

ಅವತ್ತು ಮಧ್ಯಾಹ್ನ ಅತ್ತೆ, "ದಿನವಿಡೀ ನಾನು ಇಲ್ಲೇ ಕೂತಿರ್ತೇನಲ್ಲ, ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ?" ಅಂದರು.

ನಾನು ಕೇಳದೇ ಇದ್ದದ್ದಕ್ಕೆ ಕಾರಣ ಫ್ರಿಜ್. ಫ್ರೀಜರಿನಲ್ಲಿ ಮೈಸಿಸ್ ಇಡಬೇಕು ಅಂದಾಗ ದೊಡ್ಡ ರಾಮಾಯಣವಾಗಿತ್ತು. "ದೇವರ ಹಾಲು ಇಡೋ ಫ್ರಿಜ್ಜಲ್ಲಿ ಸೀಗಡಿಯಾ?" ಅಂತ ಎರಡು ದಿನ ಮಾತಿಲ್ಲ. ಕೊನೆಗೆ ಹಳೇದೊಂದು ಚಿಕ್ಕ ಫ್ರಿಜ್ ತಂದು ಹಿತ್ತಿಲ ಕೋಣೆಯಲ್ಲಿ ಇಟ್ಟೆ. ಮೀನಿಗೆ ಸೀಗಡಿ ಹಾಕೋದು ಅಂದ್ರೆ ಜಾತಿಯವರನ್ನೇ ತಿನ್ನಿಸಿದ ಹಾಗಲ್ವಾ ಅನ್ನೋದು ಅವರ ವಾದ. ಸೀಗಡಿ ಮೀನಲ್ಲ ಅತ್ತೆ ಅಂದರೆ, "ಮತ್ತೆಂತ, ಬದನೆಕಾಯಾ?" ಅನ್ನುತ್ತಿದ್ದರು.

ಹಾಗಾಗಿ ಒಪ್ಪಂದವಾಯಿತು. ಮೈಸಿಸ್ ನನ್ನ ಪಾಲಿಗೆ, ಬೆಳಿಗ್ಗೆ ಹೋಗುವ ಮುಂಚೆ ಮತ್ತು ಸಂಜೆ ಬಂದ ಮೇಲೆ. ನಡುವಿನ ಕಾಳು ಅತ್ತೆಯ ಪಾಲಿಗೆ. ಕಾಳೂ ಮೀನುಪುಡಿಯದ್ದೇ. ಹೇಳಿದೆ. "ಕಾಳು ಕಾಳೇ" ಅಂದುಬಿಟ್ಟರು. ಚಮಚದ ಹಿಡಿಗೆ ಗುರುತಿಗೆ ಕೆಂಪು ದಾರ ಕಟ್ಟಿಕೊಂಡರು.

ಮೊದಲ ತಿಂಗಳು ಇನ್ನೊಂದು ಪೇಚು. ಅಜ್ಜಿಯ ಕೈ ಯಾವತ್ತಾದರೂ ಸಣ್ಣದಿರುತ್ತದಾ? ಬಾಯಿ ತೆರೆದು ಹತ್ತಿರ ಬಂದವುಗಳಿಗೆಲ್ಲ ಇನ್ನೊಂದು ಚಮಚ. ತಿಂಗಳ ಕೊನೆಗೆ ನೈಟ್ರೇಟ್ ಲೀಟರಿಗೆ 10 ಮಿಲಿಗ್ರಾಂನಿಂದ 50ಕ್ಕೆ ಏರಿತ್ತು, ಗಾಜಿನ ಮೇಲೆ ಹಸಿರು ಪಾಚಿ. ಜಾಸ್ತಿ ಹಾಕಬೇಡಿ ಅಂದರೆ ಆ ಮಾತು ಅವರಿಗೆ ಹಿಡಿಸಲ್ಲ. ಅದಕ್ಕೆ ಗಾಂಧಿಬಜಾರಿನಿಂದ ಕುಂಕುಮ ಹಾಕಿ ಮಾರುವ ಸಣ್ಣ ಪ್ಲಾಸ್ಟಿಕ್ ಡಬ್ಬಿ ತಂದೆ. ರಾತ್ರಿ ಆರು ಡಬ್ಬಿಗೂ ಅಳೆದು ಕಾಳು ತುಂಬಿ, ಮೇಲೆ ಅಂಕೆ ಬರೆದು ಸಾಲಾಗಿ ಇಡೋದು. ಒಂಬತ್ತು, ಹತ್ತೂವರೆ, ಹನ್ನೆರಡು, ಒಂದೂವರೆ, ಮೂರು, ನಾಲ್ಕೂವರೆ. ಡಬ್ಬಿ ಖಾಲಿಯಾದರೆ ಮುಗಿಯಿತು. ವಾರಕ್ಕೊಮ್ಮೆ ನಲವತ್ತು ಲೀಟರ್ ನೀರು ಬದಲಾಯಿಸಿದೆ, ನೀರಿನ ಕೊಳೆಯನ್ನು ನೊರೆಯಾಗಿ ಎತ್ತುವ ಸ್ಕಿಮ್ಮರಿನ ಬಟ್ಟಲನ್ನು ದಿನಾ ತೊಳೆದೆ. ಆ ಬಟ್ಟಲ ವಾಸನೆ ಬಗ್ಗೆ ಬರೆಯದಿರುವುದೇ ಒಳ್ಳೇದು. ಎರಡು ತಿಂಗಳಲ್ಲಿ 15ಕ್ಕೆ ಇಳಿಯಿತು.

ಅತ್ತೆಗೆ ಇದಕ್ಕಿಂತ ಹಿಡಿಸಿದ್ದು ಆರ್ಟೀಮಿಯಾ, ಮೀನಿಗೆ ಹಾಕುವ ಉಪ್ಪುನೀರಿನ ಸಣ್ಣ ಜೀವಿ. ಧೂಳಿನ ಹಾಗಿರುವ ಕಂದು ಮೊಟ್ಟೆ. ತಲೆಕೆಳಗು ಮಾಡಿದ ಸೋಡಾ ಬಾಟಲಿಯಲ್ಲಿ ಉಪ್ಪುನೀರು ಹಾಕಿ, ಗಾಳಿ ಬಿಟ್ಟು, ಲೈಟಿನ ಹತ್ತಿರ ಇಟ್ಟರೆ ಒಂದು ದಿನಕ್ಕೆ ಮರಿ ಒಡೆಯುತ್ತವೆ. "ಹೆಸರುಕಾಳು ಮೊಳಕೆ ಬಂದ ಹಾಗೇ" ಅಂದರು. ಡಿಸೆಂಬರಿನಲ್ಲಿ ಎರಡು ದಿನವಾದರೂ ಒಡೆಯಲಿಲ್ಲ. ಬಾಟಲಿ ಮುಟ್ಟಿ ನೋಡಿ, ಚಳಿಗಾಲದಲ್ಲಿ ದೋಸೆ ಹಿಟ್ಟಿನ ಪಾತ್ರೆ ಇಡುವ ಒಲೆಯ ಪಕ್ಕದ ಮೂಲೆಗೆ ಅದನ್ನೂ ಸೇರಿಸಿದರು. ಒಂದು ಹಗಲು ಒಂದು ರಾತ್ರಿಗೆ ಕಿತ್ತಳೆ ಬಣ್ಣದ ಮೋಡ ಎದ್ದಿತ್ತು. ಬುಡಕ್ಕೆ ಟಾರ್ಚ್ ಹಿಡಿದರೆ ಮರಿಗಳೆಲ್ಲ ಬೆಳಕಿಗೆ ಬಂದು ಸೇರುತ್ತವೆ, ಚಿಪ್ಪು ಮೇಲೆ ಉಳಿಯುತ್ತದೆ. ಸಣ್ಣ ಪೈಪಿನಲ್ಲಿ ಎಳೆದು ಬಟ್ಟೆಯಲ್ಲಿ ಸೋಸಿ ತೊಟ್ಟಿಗೆ ಬಿಟ್ಟರೆ ಐದು ಮೀನೂ ಹುಚ್ಚು ಹಿಡಿದ ಹಾಗೆ ಹೆಕ್ಕುತ್ತವೆ. ಅದು ಜೀವಂತ ಅಂತ ಅತ್ತೆಗೆ ಗೊತ್ತು. ಆ ಬಗ್ಗೆ ನಾವಿಬ್ಬರೂ ಮಾತಾಡುವುದಿಲ್ಲ.

ಮರುವರ್ಷ ಜುಲೈನಲ್ಲಿ ಒಂದು ರಾತ್ರಿ ಎಲ್ಲೋ ಲೈನಿನ ಮೇಲೆ ಮರ ಬಿತ್ತು. ಕರೆಂಟ್ ಹೋದದ್ದು ಹನ್ನೊಂದಕ್ಕೆ. ಇನ್ವರ್ಟರ್ ಬೆಳಗಿನ ಜಾವದವರೆಗೆ ಎಳೆದು ಕೈಬಿಟ್ಟಿತು. ಬ್ಯಾಟರಿಯ ಗಾಳಿ ಪಂಪ್ ಇತ್ತು, ಆದರೆ ಅದರ ಸೆಲ್ಲನ್ನು ಯಾರೋ ಟಿವಿ ರಿಮೋಟಿಗೆ ಹಾಕಿದ್ದರು. ಯಾರು ಅಂತ ಇಲ್ಲಿ ಬರೆಯುವುದಿಲ್ಲ, ನಮ್ಮನೆಯವರೂ ಇದನ್ನು ಓದುತ್ತಾರೆ. ಅತ್ತೆ ಮಗ್ಗಿನಲ್ಲಿ ನೀರು ಮೊಗೆದು ಎತ್ತರದಿಂದ ಸುರಿಯುತ್ತಾ ನಿಂತರು, ನಾನೂ ಸುರಿದೆ. ಕರೆಂಟ್ ಬಂದದ್ದು ಮಾರನೇ ದಿನ ಮಧ್ಯಾಹ್ನ. ನಾಲ್ಕು ಹೆಣ್ಣು ಉಳಿದವು. ಗಂಡು ಹೋಯಿತು. ಗುಂಪಿನಲ್ಲಿ ಅದೇ ದೊಡ್ಡದು, ಉಸಿರೂ ಅದಕ್ಕೇ ಜಾಸ್ತಿ ಬೇಕು.

ನಾಲ್ಕನೇ ದಿನ ಸಂಜೆ ಬಾಗಿಲಲ್ಲೇ ಅತ್ತೆ ತಡೆದರು. "ದೊಡ್ಡ ಹೆಣ್ಣಿನ ಬುದ್ಧಿ ಸರಿಯಿಲ್ಲ, ನೋಡು." ಅದು ಮೇಲಿಂದ ಸರ್ರನೆ ಕೆಳಗಿಳಿದು ಮತ್ತೆ ಮೇಲೇರಿ, ರೆಕ್ಕೆ ಬಿಚ್ಚಿ ಉಳಿದ ಮೂರರ ಮುಂದೆ ಮೆರೆಯುತ್ತಿತ್ತು. ಗಂಡು ಮಾಡುತ್ತಿದ್ದ ಕುಣಿತ. ಗಂಡು ಇಲ್ಲವಾದರೆ ಮೇಲಿನ ಹೆಣ್ಣು ಗಂಡಾಗುತ್ತದೆ ಅಂತ ಓದಿದ್ದೆ, ನಡೆಯೋದನ್ನು ನೋಡಿರಲಿಲ್ಲ. ನಿಜ ಹೇಳಬೇಕೆಂದರೆ ನೋಡಿದ್ದೂ ನಾನಲ್ಲ. ನನಗೆ ಸಿಗುವುದು ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಅರ್ಧ ಗಂಟೆ. ದಿನದಿನದ ವರದಿ ಅತ್ತೆಯದು. ಇವತ್ತು ಕಣ್ಣ ಕೆಳಗಿನ ನೇರಳೆ ಗೆರೆ ಮಾಸಿದೆ. ಇವತ್ತು ಬಾಲದ ತುದಿ ಉದ್ದ ಆದ ಹಾಗಿದೆ. ಇವತ್ತು ಬೆನ್ನು ಕುಂಕುಮದ ಬಣ್ಣಕ್ಕೆ ತಿರುಗಿದೆ. "ಹದಿಮೂರು ದಿನ ಮುಗಿಯೋದ್ರೊಳಗೆ ಪಟ್ಟಕ್ಕೆ ಕೂತಿತು ನೋಡು ಇದು" ಅಂತ ನಗಾಡಿದರು. ಮೂರು ವಾರಕ್ಕೆ ಮೈಯೆಲ್ಲ ನೇರಳೆ, ಬೆನ್ನ ಮೇಲೆ ಮುಳ್ಳು ಮೊಳಕೆಯ ಹಾಗೆ ಎದ್ದಿತ್ತು. ಹಳೇ ಗಂಡಿನಷ್ಟು ಉದ್ದ ಇನ್ನೂ ಆಗಿಲ್ಲ.

ಲ್ಯಾಬಿನ ಹುಡುಗನೊಬ್ಬ ಮನೆಗೆ ಬಂದವನು ನೋಡಿ ಮರುಳಾದ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ನಂಗೂ ಆರು ತರಿಸಿಕೊಡಿ ಅಕ್ಕ ಅಂದ. "ಮಧ್ಯಾಹ್ನ ಮನೇಲಿ ಯಾರಿರ್ತಾರೆ?" ಅಂತ ಕೇಳಿದೆ. "ಯಾರೂ ಇರಲ್ಲ, ಯಾಕೆ, ಈ ಏರಿಯಾದಲ್ಲಿ ಕಳ್ಳತನ ಏನಾದರೂ ಆಗಿದೆಯಾ?" ಅಂದ. ಅವನಿಗೆ ಎರಡು ಕ್ಲೌನ್ ಮೀನು ಕೊಡಿಸಿದೆ.

ಮೊನ್ನೆ ಎಳ್ಳಮಾವಾಸ್ಯೆ ಜಾತ್ರೆಗೆ ಅತ್ತೆ ತೀರ್ಥಹಳ್ಳಿಗೆ ಹೋದರು. ಎರಡು ದಿನ. ಹೋಗುವ ಮುಂಚೆ ಹನ್ನೆರಡು ಡಬ್ಬಿ ತುಂಬಿಸಿ ಸಾಲಾಗಿ ಇಟ್ಟು, ಕೆಂಪು ದಾರದ ಚಮಚ ನನ್ನ ಕೈಗೆ ಕೊಟ್ಟರು. ರಜೆ ಹಾಕ್ತೀನಿ ಅಂದಿದ್ದೆ. ಆದರೆ ಲ್ಯಾಬಿನಲ್ಲಿ ಇನ್ನೊಬ್ಬಳು ಬಂದಿರಲಿಲ್ಲ, ಕರೆದರು, ಹೋದೆ. ಹನ್ನೆರಡೂ ಕಾಲಿಗೆ ಫೋನ್. ಹಿಂದೆ ಜಾತ್ರೆಯ ಗದ್ದಲ, ಪೀಪಿಯ ಸದ್ದು.

"ಮೂರನೇ ಡಬ್ಬಿ ಆಯ್ತಾ?"

"ಆಯ್ತು ಅತ್ತೆ, ಈಗಷ್ಟೇ ಹಾಕಿದೆ."

ಒಂದು ಗಳಿಗೆ ಆ ಕಡೆಯಿಂದ ಪೀಪಿ ಮಾತ್ರ ಕೇಳಿಸಿತು.

"ಮತ್ತೆ ಅದೆಂತ ಗುಂಯ್ ಅಂತಿರೋದು, ನಿಮ್ಮ ರಕ್ತ ತಿರುಗ್ಸೋ ಮಿಷನ್ ಅಲ್ದಾ?"

ಸೆಂಟ್ರಿಫ್ಯೂಜ್ ನಿಲ್ಲೋಕೆ ಇನ್ನೂ ನಾಲ್ಕು ನಿಮಿಷ ಇತ್ತು. ಪಕ್ಕದವಳಿಗೆ ನೋಡ್ಕೋ ಅಂತ ಸನ್ನೆ ಮಾಡಿ, ಸ್ಕೂಟಿ ಕೀ ಹುಡುಕಿದೆ.